ಆರು ಲೋಟ, ಒಂದೊಂದು ಹನಿ ಸೋಪು

ತಂಗಿ ಮಾರಾಟಕ್ಕೆ ಹಣ್ಣಿನ ಜಾಮು ಕಾಯಿಸುವ ಕೋಣೆಯ ಉದ್ದನೆಯ ಮೇಜಿನ ಮೇಲೆ ಆರು ಗಾಜಿನ ಲೋಟಗಳನ್ನು ಸಾಲಾಗಿ ಇಟ್ಟು ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು, ಸಾಲು ಸೊಟ್ಟಗಿತ್ತು. ಮತ್ತೆ ಮುಂದೆ ಬಂದು ನಾಲ್ಕನೆಯದನ್ನು ಒಂದು ಬೆರಳಿನಷ್ಟು ಎಡಕ್ಕೆ ಸರಿಸಿದಳು. ಎದೆ ಡವಡವ ಅನ್ನುತ್ತಿತ್ತು. ಅರವತ್ತೆಂಟು ವರ್ಷದವಳಿಗೆ ಬೆಳಗಿನ ಎಂಟು ಗಂಟೆಗೆ ವಿನೆಗರ್ ಬಾಟಲು ಹಿಡಿದುಕೊಂಡು ಹೀಗೆ ಎದೆ ಬಡಿದುಕೊಳ್ಳುವುದು ತರವೇ ಎಂದು ತನ್ನನ್ನೇ ಗದರಿಕೊಂಡಳು. ಬಡಿತ ನಿಲ್ಲಲಿಲ್ಲ, ನಿಲ್ಲುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ. ನಿನ್ನೆ ಸಂಜೆ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ತಂಗಿ ಕೇಳಿದ್ದಳು: "ಅಕ್ಕ, ಮೂವತ್ತೊಂದು ವರ್ಷ ಆ ಕಾಲೇಜಿನ ಲ್ಯಾಬಲ್ಲಿ ನೊಣ ನೋಡ್ಕೊಂಡೇ ಇದ್ದೆಯಲ್ಲ, ಜಾಮಿಗೆ ಮುತ್ತೋ ಇವನ್ನ ಓಡಿಸೋದು ಹೇಗೆ ಅಂತ ನಿನಗೆ ಗೊತ್ತಿರಬೇಕಲ್ಲ?" ಅಷ್ಟೇ ಮಾತು. ಆದರೆ ಲ್ಯಾಬ್ ಅಟೆಂಡರ್ ಕೆಲಸದಿಂದ ನಿವೃತ್ತಳಾಗಿ ತಂಗಿಯ ಮನೆಯ ಮಹಡಿ ಕೋಣೆ ಸೇರಿದ ಈ ಎಂಟು ವರ್ಷಗಳಲ್ಲಿ ಅವಳಿಗೆ ಏನು ಗೊತ್ತಿದೆ ಎಂದು ಯಾರಾದರೂ ಕೇಳಿದ್ದು ಅದೇ ಮೊದಲು. ಬಟಾಣಿ ಸುಲಿದುಕೊಡುತ್ತೀಯಾ, ಶೀಶೆಗಳಿಗೆ ಚೀಟಿ ಅಂಟಿಸುತ್ತೀಯಾ, ಬಾಗಿಲು ಹಾಕಿಕೊಳ್ಳುತ್ತೀಯಾ, ಇವೆಲ್ಲ ಕೈಗೆ ಕೇಳುವ ಪ್ರಶ್ನೆಗಳು. ನಿನ್ನೆಯದು ತಲೆಗೆ ಕೇಳಿದ ಪ್ರಶ್ನೆ. ಉತ್ತರ ಕೊಡಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಮಾಗಿದ ಹಣ್ಣಿನ ಸಿಪ್ಪೆಯ ಮೇಲೆ ಹೇಗೆ ಮೊಟ್ಟೆ ಇಡುತ್ತವೆ, ಒಂದು ಹೆಣ್ಣು ನೊಣ ಬಾಳಿನಲ್ಲಿ ಎಷ್ಟು ನೂರು ಮೊಟ್ಟೆ ಇಟ್ಟೀತು, ಹತ್ತು ಹನ್ನೆರಡು ದಿನದಲ್ಲಿ ಮೊಟ್ಟೆ ಹೇಗೆ ನೊಣವಾಗಿ ಮತ್ತೆ ಮೊಟ್ಟೆ ಇಡುತ್ತದೆ ಎಂದೆಲ್ಲ ಹೇಳುತ್ತ ಹೋದಳು. ತಂಗಿ ಪಾತ್ರೆ ಬಿಟ್ಟು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುವುದನ್ನೂ ಮರೆತು, ತಿರುಗಿ ನಿಂತು ಕೇಳಿದ್ದಳು. ಆ ತಿರುಗಿ ನಿಂತದ್ದು ಅಕ್ಕನಿಗೆ ನಿದ್ದೆ ಬರಗೊಡಲಿಲ್ಲ.

ಒಂದನೇ ಲೋಟದಲ್ಲಿ ಬರೀ ವಿನೆಗರ್. ಎರಡರಲ್ಲಿ ವಿನೆಗರಿಗೆ ಸಕ್ಕರೆ. ಮೂರರಲ್ಲಿ ಚಮಚದ ಬೆನ್ನಿನಿಂದ ಜಜ್ಜಿ ನೀರು ಬೆರೆಸಿದ, ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣು. ನಾಲ್ಕರಲ್ಲಿ ಬೆಚ್ಚಗಿನ ನೀರು, ಸಕ್ಕರೆ, ಈಸ್ಟ್. ಅದು ಆಗಲೇ ಸಣ್ಣ ಸಣ್ಣ ಗುಳ್ಳೆಯೆಬ್ಬಿಸಿ ಉಸಿರಾಡತೊಡಗಿತ್ತು. ಐದರಲ್ಲಿ, ದ್ರಾಕ್ಷಿ ಜಾಮು ಕುದಿಯುವಾಗ ತಂಗಿ ಸೌಟಿನಿಂದ ತೆಗೆದು ಬಿಸಾಡುವ ನೊರೆ. ಆರರಲ್ಲಿ ಬರೀ ನೀರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಸುತ್ತಿ, ತುದಿಯಲ್ಲಿ ಪೆನ್ಸಿಲಿನ ಮೊನೆ ಹೋಗುವಷ್ಟು ತೂತು ಬಿಟ್ಟು, ಒಂದೊಂದು ಲೋಟದ ಬಾಯಿಗೂ ಒಂದೊಂದು ಕಾಗದದ ಆಲಿಕೆ ಕೂರಿಸಿ ಅಂಚಿಗೆ ಟೇಪು ಅಂಟಿಸಿದಳು. ವಾಸನೆ ಹಿಡಿದು ಬರುವ ನೊಣ ಆಲಿಕೆಯೊಳಗೆ ಇಳಿದು ಇಳಿದು ತೂತು ದಾಟುತ್ತದೆ. ಹೊರಗೆ ಹೋಗಬೇಕೆನಿಸಿದಾಗ ಮಾತ್ರ ಬೆಳಕು ಕಂಡ ಕಡೆಗೆ, ಗಾಜಿನ ಗೋಡೆ ಹಿಡಿದು ಮೇಲೆ ಹತ್ತುತ್ತದೆ. ನಡುವೆ ಇರುವ ತೂತು ಅದಕ್ಕೆ ನೆನಪಾಗುವುದಿಲ್ಲ. ಬಂದ ದಾರಿ ಕಣ್ಣೆದುರಿಗೇ ಇದ್ದರೂ ಕಾಣದೆ ಗೋಡೆ ಹತ್ತುವುದು ನೊಣಕ್ಕೊಂದೇ ಬಂದ ಬುದ್ಧಿಯೇನಲ್ಲ ಎಂದು ಅವಳಿಗೆ ಅನ್ನಿಸಿ, ಆ ಯೋಚನೆ ಎಲ್ಲಿಗೆ ಹೋಗುತ್ತದೋ ಎಂದು ಹೆದರಿ, ಟೇಪಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಕತ್ತರಿಸಿದಳು.

"ಅಕ್ಕ, ಬರೀ ನೀರಿಗೆ ಯಾವ ನೊಣ ಬರುತ್ತೆ?" ತಂಗಿ ಅನಾನಸಿನ ಮುಳ್ಳು ಕೆತ್ತುತ್ತ ಕೇಳಿದಳು.

"ಬರಲ್ಲ. ಬರಲ್ಲ ಅಂತ ಗೊತ್ತಾಗಲಿ ಅಂತಾನೇ ಇಡೋದು. ಹೋಲಿಸಿ ನೋಡೋಕೆ ಒಂದು ಬೇಕಲ್ಲ."

"ಅಂದ್ರೆ ಈ ಮನೇಲಿ ನಾನಿದ್ದ ಹಾಗೆ," ಎಂದು ತಂಗಿಯ ಗಂಡ ಬಾಗಿಲ ಸಂದಿಯಿಂದ ತಲೆ ಹಾಕಿದ. ಮನೆಯ ಮುಂದಿನ ಚಿಕ್ಕ ಅಂಗಡಿಯಲ್ಲಿ ಕೈಗಡಿಯಾರ ರಿಪೇರಿ ಮಾಡುವವನು ಅವನು. ಹಣೆಯ ಮೇಲಕ್ಕೆ ಸರಿಸಿಕೊಂಡ ಭೂತಗನ್ನಡಿ ಮೂರನೆಯ ಕಣ್ಣಿನ ಹಾಗೆ ಯಾವಾಗಲೂ ಅಲ್ಲೇ ಇರುತ್ತಿತ್ತು. "ನಂದು ಮೂರನೇ ನಂಬರು, ಅತ್ತಿಗೆ. ಬಾಳೆಹಣ್ಣೇ ಗೆಲ್ಲೋದು. ಸೋತರೆ ಸಂಜೆ ಟೀ ನಾನು ಮಾಡ್ತೀನಿ."

"ನೀವು ಟೀ ಮಾಡಿದ್ರೆ ಅದು ಏಳನೇ ಲೋಟ, ನೊಣ ಓಡಿಸೋಕೆ," ಎಂದಳು ತಂಗಿ. "ಅಂಗಡೀಲಿ ಕೆಲಸ ಇಲ್ವಾ?"

"ಇಲ್ಲ ಕಣೇ. ಎಲ್ಲರೂ ಮೊಬೈಲಲ್ಲೇ ಟೈಮ್ ನೋಡ್ತಾರೆ. ನಾನಂತೂ ಎರಡು ವರ್ಷದಿಂದ ನೊಣ ಹೊಡೀತಾ ಕೂತಿದ್ದೀನಿ, ಈಗ ನೀವಿಬ್ಬರೂ ಅದೇ ಕಸುಬಿಗೆ ಇಳಿದ್ರಿ."

ಅಕ್ಕ ನಕ್ಕಳು. ನಗುತ್ತಲೇ ಪಾತ್ರೆ ತೊಳೆಯುವ ಸೋಪಿನ ಬಾಟಲನ್ನು ಬಗ್ಗಿಸಿ, ಆಲಿಕೆಯ ತೂತಿನೊಳಗಿಂದ ಒಂದೊಂದು ಲೋಟಕ್ಕೆ ಒಂದೊಂದೇ ಹನಿ ಬಿಟ್ಟಳು. ನೀರಿನ ಮೇಲೆ ಕಣ್ಣಿಗೆ ಕಾಣದ ಒಂದು ಚರ್ಮ ಇರುತ್ತದೆ, ನೊಣ ಅದರ ಮೇಲೆ ನಿಂತು ಕುಡಿದು ಹಾರಿಹೋಗುತ್ತದೆ, ಸೋಪು ಆ ಚರ್ಮವನ್ನು ಕರಗಿಸುತ್ತದೆ, ಆಮೇಲೆ ನಿಲ್ಲಲು ನೆಲ ಇರುವುದಿಲ್ಲ ಎಂದು ಇಬ್ಬರಿಗೂ ವಿವರಿಸುವಾಗ ಅವಳ ದನಿಯಲ್ಲಿ ಒಂದು ಗತ್ತು ಬಂದಿತ್ತು. ತಂಗಿಯ ಮುಖದಲ್ಲಿ ಮೂರು ವಾರದಿಂದ ಇಲ್ಲದ ಒಂದು ಸಡಿಲಿಕೆ ಕಾಣಿಸಿತು. ಹೋದ ವಾರ ಆಹಾರ ಇಲಾಖೆಯಿಂದ ತಪಾಸಣೆಗೆ ಬಂದವನು ಬರೆಯಲು ಪೆನ್ನು ತೆಗೆದಾಗ ಅದರ ತುದಿಯ ಮೇಲೇ ಒಂದು ನೊಣ ಬಂದು ಕೂತಿತ್ತು; ಅವನು ಅದನ್ನು ಓಡಿಸದೆ, ತಂಗಿಗೆ ಕಾಣುವ ಹಾಗೆ ಪೆನ್ನನ್ನು ಎತ್ತಿ ಹಿಡಿದು, ಸೋಮವಾರ ಮತ್ತೆ ಬರ್ತೀನಿ, ಆಗಲೂ ಇದ್ರೆ ಕೋಣೆಗೆ ಬೀಗ, ಎಂದು ಹೋಗಿದ್ದ. ಇವತ್ತು ಗುರುವಾರ. ಹನ್ನೊಂದು ವರ್ಷ ಬೆಳಗಿನ ಐದಕ್ಕೆ ಎದ್ದು ಕಟ್ಟಿದ ಕೋಣೆ ಇದು. ತಂಗಿ ಆ ದಿನ ಅಳಲಿಲ್ಲ. ಶೀಶೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಒರೆಸುತ್ತ ಕೂತಳು. ಅದನ್ನು ನೋಡುವುದಕ್ಕಿಂತ ಅತ್ತಿದ್ದರೇ ವಾಸಿಯಿತ್ತು.

ಬಲೆ ಹಾಕಿದ ಮೇಲೆ ಕಾಯುವುದು ಅಕ್ಕನಿಗೆ ಹೊಸದಲ್ಲ. ಮೆಟ್ಟಿಲ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಗಂಟೆಗೊಮ್ಮೆ ಬರೆಯಲು ಕಾಗದ ಮಡಿಸಿ ಗೆರೆ ಎಳೆದುಕೊಂಡಳು. ಒಂಬತ್ತಕ್ಕೆ ಮೂರನೇ ಲೋಟದ ಆಲಿಕೆಯ ಅಂಚಿನಲ್ಲಿ ಮೊದಲ ನೊಣ. ಎಳ್ಳಿಗಿಂತ ಚಿಕ್ಕದು, ಜೇನಿನ ಬಣ್ಣ. ಅದು ಮುಂಗಾಲು ಉಜ್ಜಿಕೊಂಡಿತು, ಎರಡು ಹೆಜ್ಜೆ ಇಳಿಯಿತು, ನಿಂತಿತು, ಮತ್ತೆ ಎರಡು ಹೆಜ್ಜೆ. ಬಾ, ಬಾ, ಎಂದು ಅವಳು ಬಾಯಿ ಬಿಟ್ಟೇ ಅಂದಳು. ಅದೇ ಮಾತು, ಅದೇ ರಾಗ. ಲ್ಯಾಬಿನಲ್ಲಿ ಈಥರಿನ ಮಂಪರಿನಿಂದ ಏಳುತ್ತಿದ್ದ ನೊಣಗಳನ್ನು ಕುಂಚದ ತುದಿಯಿಂದ ಹೊಸ ಶೀಶೆಗೆ ದಾಟಿಸುವಾಗಲೂ ಹೀಗೇ ಕರೆಯುತ್ತಿದ್ದಳು, ಒಂದೂ ಸಾಯಬಾರದೆಂದು ಉಸಿರು ಬಿಗಿಹಿಡಿದು. ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದರು. ಎರಡು ಜಡೆಯ ಒಬ್ಬಳು ಮಾತ್ರ ನಗುತ್ತಿರಲಿಲ್ಲ. ಅವಳು ಸಂಜೆ ಎಲ್ಲರೂ ಹೋದ ಮೇಲೂ ಕೂತು ನೊಣಗಳನ್ನು ಬೇರ್ಪಡಿಸಿ ಬರೆಯುವಳು. ಅವಳ ಎಂಟು ಶೀಶೆಗಳನ್ನು ಅಕ್ಕ ಕಪಾಟು ಒರೆಸುವಾಗ ಹೊರಗೆ ತೆಗೆದು ಮತ್ತೆ ಒಳಗಿಟ್ಟಿದ್ದಳು, ಒದ್ದೆಯಾಗಿ ಉದುರಿದ ಎರಡು ಚೀಟಿಗಳನ್ನು ಹೇಗೋ ನೆನಪು ಮಾಡಿಕೊಂಡು ಅಂಟಿಸಿದ್ದಳು. ನೆನಪು ತಪ್ಪಿತ್ತು, ಹುಡುಗಿಯ ಲೆಕ್ಕ ತಾಳೆಯಾಗಲಿಲ್ಲ. ಎಲ್ಲರೆದುರಿಗೆ ಪ್ರೊಫೆಸರು, ಲೆಕ್ಕ ಬರದವರಿಗೆ ಇಲ್ಲೇನು ಕೆಲಸ, ಎಂದು ಆ ಹುಡುಗಿಯ ಪುಸ್ತಕವನ್ನು ಮೇಜಿನ ಮೇಲೆ ಎಸೆದಾಗ ಅಕ್ಕ ಮೂರು ಮಾರು ದೂರದಲ್ಲೇ ನಿಂತಿದ್ದಳು. ಹೂಜಿಯಿಂದ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು. ಅಷ್ಟೇ ಮಾಡಿದಳು. ಹುಡುಗಿ ಬಿಕ್ಕುತ್ತಲೇ, ನೀವೊಬ್ಬರೇ ನನ್ನ ನೋವು ನೋಡಿದ್ದು, ಎಂದಳು. ಅವಳ ಒಂದು ವರ್ಷ ಹೋಯಿತು. ಬೈದಿದ್ದರೆ ಮರೆಯಬಹುದಿತ್ತು, ಉಪಕಾರ ಸ್ಮರಿಸಿದಳಲ್ಲ, ಆ ಮಾತು ಇಪ್ಪತ್ತು ವರ್ಷವಾದರೂ ಗಂಟಲಲ್ಲಿ ಮೀನಿನ ಮುಳ್ಳು. ನೊಣ ಮತ್ತೆರಡು ಹೆಜ್ಜೆ ಇಳಿದು ತೂತಿನೊಳಗೆ ಮಾಯವಾಯಿತು. ಅಕ್ಕ ಮೂರನೇ ನಂಬರಿನ ಕೆಳಗೆ ಒಂದು ಗೀಟು ಎಳೆದಳು.

ಹತ್ತಕ್ಕೆ ಮೂರರಲ್ಲಿ ಹದಿನಾಲ್ಕು, ನಾಲ್ಕರಲ್ಲಿ ಹತ್ತೊಂಬತ್ತು. ಹನ್ನೊಂದಕ್ಕೆ ಐದನೆಯದು ಏಕಾಏಕಿ ಮುಂದೆ ಬಂತು. ಬರೀ ವಿನೆಗರಿನದು ಹಿಂದೆ ಬಿತ್ತು, ನೀರಿನದು ಸೊನ್ನೆ. ಗಂಟೆಗೊಮ್ಮೆ ಅವಳು ಮುಂದಿನ ಅಂಗಡಿಗೆ ಹೋಗಿ ಅಂಕಿ ಹೇಳಿ ಬರುತ್ತಿದ್ದಳು, ತಂಗಿಯ ಗಂಡ ಇಕ್ಕಳ ಕೆಳಗಿಟ್ಟು ಹಣೆ ಚಚ್ಚಿಕೊಳ್ಳುತ್ತಿದ್ದ. ಹನ್ನೆರಡರ ಹೊತ್ತಿಗೆ ಜಾಮಿನ ಕೋಣೆಯ ಗಾಳಿಯೇ ತಿಳಿಯಾದಂತಿತ್ತು. ಅನಾನಸಿನ ಬೋಗುಣಿಯ ಮೇಲೆ ಸದಾ ನಡುಗುತ್ತಿದ್ದ ಆ ಸಣ್ಣ ಮೋಡ ಕಾಣಿಸಲಿಲ್ಲ. ತಂಗಿ ಬೋಗುಣಿಯ ಮುಂದೆ ನಿಂತು, ಮುಚ್ಚಿದ್ದ ಬಟ್ಟೆಯನ್ನು ತೆಗೆದು, ಐವತ್ತು ಎಣಿಸುವವರೆಗೂ ಸುಮ್ಮನೆ ನೋಡಿದಳು. ಒಂದೂ ಬರಲಿಲ್ಲ. "ಅಕ್ಕಾ," ಎಂದಳು. ಹತ್ತಿರ ಬಂದು, ಚಿಕ್ಕವಳಾಗಿದ್ದಾಗ ಮಾಡುತ್ತಿದ್ದಂತೆ, ತನ್ನ ಹಣೆಯನ್ನು ಅಕ್ಕನ ಭುಜಕ್ಕೆ ಒಂದು ಸಲ ಢಿಕ್ಕಿ ಹೊಡೆಸಿ ಒಲೆಯ ಕಡೆ ಹೋದಳು. ಅನಾನಸಿನ ರಸ ಅಂಟಿದ ಆ ಹಣೆ ಭುಜದ ಮೇಲೆ ಬಿಟ್ಟುಹೋದ ಒದ್ದೆಯನ್ನು ಅಕ್ಕ ಒರೆಸಿಕೊಳ್ಳಲಿಲ್ಲ.

ಗೆದ್ದ ಬಲೆಯಲ್ಲಿ ಎಷ್ಟು ಗಂಡು ಎಷ್ಟು ಹೆಣ್ಣು ಎಂದು ನೋಡಬೇಕೆನ್ನಿಸಿದ್ದು ಬರೀ ಚಟಕ್ಕೆ. ಹೆಣ್ಣೇ ಹೆಚ್ಚಿದ್ದರೆ ಒಳ್ಳೆಯದು, ಮೊಟ್ಟೆ ಇಡುವವೇ ಕಡಿಮೆಯಾದವೆಂದು ತಂಗಿಗೆ ಹೇಳಬಹುದು. ಐದನೆಯ ಲೋಟವನ್ನು ಮಹಡಿಗೆ ಒಯ್ದು, ಕಿಟಕಿಯ ಹತ್ತಿರ ಬಿಳಿ ತಟ್ಟೆಗೆ ಸೋಸಿ, ತಂಗಿಯ ಗಂಡನಿಂದ ಕೇಳಿ ತಂದ ಭೂತಗನ್ನಡಿಯನ್ನು ಕಣ್ಣಿಗೆ ಕಚ್ಚಿಸಿಕೊಂಡಳು. ಯಾಕೆ ಏನು ಎಂದು ಕೇಳದೆ ಅವನು ಗಾಜನ್ನು ಅಂಗಿಯ ತುದಿಯಿಂದ ಒರೆಸಿ ಕೊಟ್ಟಿದ್ದ. ಕುಂಚ ಇರಲಿಲ್ಲ, ಸೂಜಿಯ ಹಿಂಬದಿಯಿಂದ ಒಂದು ನೊಣವನ್ನು ಹೊರಳಿಸಿದಳು. ಹೊಟ್ಟೆಯ ತುದಿ ಕಪ್ಪು, ಗಂಡು. ಇನ್ನೊಂದನ್ನು ಹೊರಳಿಸಿದಳು, ಪಟ್ಟೆ ಪಟ್ಟೆ, ಹೆಣ್ಣು. ಮೂರನೆಯದರ ಮೇಲೆ ಸೂಜಿ ನಿಂತುಬಿಟ್ಟಿತು. ಅದರ ಕಣ್ಣು ಬೆಳ್ಳಗಿತ್ತು.

ಬೆಳ್ಳಗೆ, ಹಾಲಿನ ಕೆನೆಯ ಹಾಗೆ. ಪೇಟೆಯ ಹಣ್ಣಿನ ಮೇಲೆ ಕೂರುವ ನೊಣದ ಕಣ್ಣು ಇಟ್ಟಿಗೆಗೆಂಪು. ಎಲ್ಲಿಯದೇ ಆಗಲಿ, ಇಟ್ಟಿಗೆಗೆಂಪು. ಬಿಳಿ ಕಣ್ಣಿನ ತಳಿ ಇರುವುದು ಲ್ಯಾಬಿನ ಶೀಶೆಗಳಲ್ಲಿ ಮಾತ್ರ. ಅಕ್ಕ ಇನ್ನೊಂದನ್ನು ಹೊರಳಿಸಿದಳು. ಬಿಳಿ. ಇನ್ನೊಂದು, ಬಿಳಿ. ಒಂದು ಕೆಂಪು, ಮತ್ತೆ ಬಿಳಿ, ಬಿಳಿ. ಅರವತ್ತೊಂದರಲ್ಲಿ ನಲವತ್ಮೂರು. ಮೊದಲು ಅವಳಿಗಾದದ್ದು ಸಂತೋಷ; ಅದನ್ನು ಆಮೇಲೆ ಎಷ್ಟು ಮುಚ್ಚಿಡಲು ನೋಡಿದರೂ ಮೊದಲು ಆದದ್ದು ಸಂತೋಷವೇ. ನನ್ನವು! ನನ್ನ ಮಕ್ಕಳು ಹೊರಗೆ ಹೋಗಿ, ಶೀಶೆಯಿಲ್ಲದೆ ಬಿರಡೆಯಿಲ್ಲದೆ, ಯಾರೂ ತುತ್ತು ಹಾಕದೆ, ಸಂಸಾರ ಹೂಡಿ ಮೂರು ತಲೆಮಾರು ನಡೆಸಿಬಿಟ್ಟಿವೆ! ಇಂಥ ಕಣ್ಣಿನವಕ್ಕೆ ಸರಿಯಾಗಿ ಕಾಣುವುದಿಲ್ಲ, ಹೊರಗೆ ಬದುಕಲಾರವು ಎಂದು ಪ್ರೊಫೆಸರು ಎಷ್ಟು ಸಲ ಪಾಠ ಹೇಳಿರಲಿಲ್ಲ! ಕೂಗಿ ಹೇಳಬೇಕೆನ್ನಿಸಿ ಬಾಯಿ ತೆರೆದವಳು ತೆರೆದ ಬಾಯಲ್ಲೇ ನಿಂತಳು. ಯಾರಿಗೆ ಹೇಳುವುದು? ಏನೆಂದು?

ಮಂಚದ ಹಿಂದಿನ ಗೂಡಿನಲ್ಲಿ, ಚಳಿಗಾಲದ ಶಾಲುಗಳ ಮರೆಯಲ್ಲಿ, ಆ ಶೀಶೆ ಇತ್ತು. ಕಾಲೇಜು ಲ್ಯಾಬನ್ನು ಮುಚ್ಚಿ ಕಂಪ್ಯೂಟರು ಇಡುತ್ತೇವೆಂದಾಗ, ಎಲ್ಲ ಶೀಶೆಗಳನ್ನೂ ಬಿಸಿನೀರಿಗೆ ಹಾಕಿಬಿಡಿ ಎಂದು ಹೇಳಿ ಪ್ರೊಫೆಸರು ಬೀಳ್ಕೊಡುಗೆಯ ಊಟಕ್ಕೆ ಹೋಗಿದ್ದರು. ಇನ್ನೂರ ಹನ್ನೆರಡು ಶೀಶೆ. ಬಿಳಿ ಕಣ್ಣಿನವಿದ್ದ ಒಂದನ್ನು ಅಕ್ಕ ಊಟದ ಚೀಲದಲ್ಲಿ ಇಟ್ಟುಕೊಂಡು ಬಂದಳು. ಎರಡು ವಾರಕ್ಕೊಮ್ಮೆ ಹೊಸ ಶೀಶೆ, ಹೊಸ ಅನ್ನ. ತನ್ನ ಪಾಲಿನ ಬಾಳೆಹಣ್ಣಿನಲ್ಲಿ ಅರ್ಧ ಅವಕ್ಕೆ. ಶೀಶೆಯ ಬಿರಡೆಗೆ ಹತ್ತಿ ಬೇಕಾದಾಗ, ಕಿವಿಗೆ, ಎಂದಿದ್ದಳು. ತಂಗಿಯ ಗಂಡ ಎಂಟು ವರ್ಷದಿಂದ ತಿಂಗಳಿಗೊಂದು ಹತ್ತಿಯ ಸುರುಳಿ ತಂದು ಮೆಟ್ಟಿಲ ಮೇಲಿಡುತ್ತಿದ್ದ, ಅಷ್ಟು ಹತ್ತಿ ಹಿಡಿಸುವ ಕಿವಿ ಎಂಥದ್ದೆಂದು ಕೇಳಿರಲಿಲ್ಲ. ಹಳೆಯ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ನಾಲ್ಕು ಬೀದಿ ಆಚೆಯ ದೊಡ್ಡ ಕಸದ ತೊಟ್ಟಿಗೆ ಹಾಕಿ ಬರುವುದು ರೂಢಿ. ಮಂಡಿ ಹಿಡಿದುಕೊಂಡ ಮೇಲೆ, ಈ ಎರಡು ತಿಂಗಳು, ನಲ್ಲಿಯ ನೀರಿನಲ್ಲಿ ಜಾಲಾಡಿ ಹಿತ್ತಲಿನ ಕಸದ ಬುಟ್ಟಿಗೆ, ಜಾಮಿನ ಕೋಣೆಯ ಕಿಟಕಿಯ ಕೆಳಗೆ, ಹಾಕುತ್ತಿದ್ದಳು. ನಲ್ಲಿಯ ತಣ್ಣೀರು! ಗಾಜಿನ ಒಳಗೋಡೆಗೆ ಅಂಟಿಕೊಂಡ ಕಂದು ಕಾಳಿನಂಥ ಗೂಡುಗಳು ತಣ್ಣೀರಿಗೆ ಜಗ್ಗುತ್ತವೆಯೇ? ನಾಲ್ಕು ದಿನ ಬಿಟ್ಟು ಒಡೆದು ಹಾರುತ್ತವೆ. ಲ್ಯಾಬಿನಲ್ಲಿ ಹಳೆಯ ಶೀಶೆಗಳನ್ನು ಕೆಳಗೆ ಹಂಡೆಯಲ್ಲಿ ನೀರು ಕಾಯಿಸುವವನು ಬಂದು ಬುಟ್ಟಿಯಲ್ಲಿ ಒಯ್ದು ಕುದಿಸುತ್ತಿದ್ದ. ಮೂವತ್ತೊಂದು ವರ್ಷ ಅವಳು ಬದುಕಿಸುವುದನ್ನಷ್ಟೇ ಕಲಿತಳು. ಕೊಲ್ಲುವ ಕೆಲಸ ಇನ್ನೊಬ್ಬನದಾಗಿತ್ತು, ಅವನ ಮುಖ ಕೂಡ ಈಗ ನೆನಪಿಗೆ ಬರುತ್ತಿರಲಿಲ್ಲ. ಹಾಗಾದರೆ ಗೊತ್ತಿರಲಿಲ್ಲವೇ? ಮೂರು ವಾರದಿಂದ ತಂಗಿ ನೊಣ, ನೊಣ, ಎಂದಾಗೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡವಳು ಯಾರು? ಶಾಲುಗಳನ್ನು ಇನ್ನೊಂದು ಮಡಿಕೆ ಮುಂದಕ್ಕೆ ಎಳೆದವಳು ಯಾರು?

ತಟ್ಟೆಯನ್ನು ಬಚ್ಚಲಿಗೆ ಬಗ್ಗಿಸಿದಳು. ಎರಡು ಚೊಂಬು ನೀರು ಹಾಕಿದಳು. ಈ ಮನೆಯಲ್ಲಿ, ಈ ಬೀದಿಯಲ್ಲಿ, ಬಿಳಿ ಕಣ್ಣು ಅಂದರೇನೆಂದು ಅರ್ಥವಾಗುವವರು ತಾನೊಬ್ಬಳೇ. ತಾನು ಸುಮ್ಮನಿದ್ದರೆ ಸಾಕ್ಷಿಯೇ ಇಲ್ಲ. ಶೀಶೆಗೆ ಇವತ್ತೇ ಒಂದು ಗತಿ ಕಾಣಿಸುವುದು, ಬಲೆಗಳನ್ನು ಸೋಮವಾರದವರೆಗೆ ಬದಲಿಸುತ್ತ ಹೋಗುವುದು, ಕೋಣೆ ಉಳಿಯುತ್ತದೆ, ಭುಜದ ಮೇಲಿನ ಒದ್ದೆಯೂ ಉಳಿಯುತ್ತದೆ. ಹಾವೂ ಸಾಯದೆ ಕೋಲೂ ಮುರಿಯದೆ. ಮೆಟ್ಟಿಲಿಳಿಯುವಾಗ ಮಂಡಿ ನೋವೂ ಇಲ್ಲದ ಹಾಗೆ ಹಗುರವೆನಿಸಿತು. ಆ ಹಗುರ ಅವಳಿಗೆ ಪರಿಚಯದ್ದು. ನೀರಿನ ಲೋಟ ಕೊಟ್ಟ ದಿನವೂ ಹೀಗೇ ಹಗುರವಾಗಿ ಮನೆಗೆ ನಡೆದಿದ್ದಳು. ಭಾರ ಬಂದದ್ದು ಮಾರನೆಯ ದಿನ.

ಕೆಳಗೆ ತಂಗಿ ಗೆಲುವಿನಲ್ಲಿದ್ದಳು. ಸೆರಗು ಸಿಕ್ಕಿಸಿಕೊಂಡು ಕಿಟಕಿಯ ಜಾಲರಿ ಉಜ್ಜುತ್ತ, "ಇನ್ನೊಂದು ಕೆಲಸ ಬಾಕಿ ಇದೆ ನೋಡು, ಅಕ್ಕ," ಎಂದಳು. "ನಾಲ್ಕಕ್ಕೆ ಬುಟ್ಟಿಯಮ್ಮ ಬರ್ತಾಳೆ. ನಾಳೆಯಿಂದ ಬರಬೇಡ ಅಂತ ಹೇಳಿಬಿಡ್ತೀನಿ. ಬೇರೇನೇ ಕೀಳದೆ ಎಲೆ ಕಿತ್ರೆ ಏನು ಬಂತು?"

"ಅವಳ ಹಣ್ಣಿಂದಾನೇ ಅಂತ ಹೇಗೆ ಹೇಳ್ತೀಯ?"

"ನೀನೇ ಅಲ್ವಾ ನಿನ್ನೆ ಹೇಳಿದ್ದು? ಸಿಪ್ಪೆ ಮೇಲೆ ಮೊಟ್ಟೆ ಇಡ್ತವೆ, ಕಣ್ಣಿಗೆ ಕಾಣಲ್ಲ, ಹಣ್ಣಿನ ಜೊತೇನೇ ಮನೆಗೆ ಬರ್ತವೆ ಅಂತ. ನನಗೆ ಆಗಲೇ ಖಾತ್ರಿ ಆಯ್ತು. ಮೂರು ವಾರದಿಂದ ಅವಳಿಗೆ ಬೈತಾನೇ ಇದ್ದೀನಿ, ಚೆನ್ನಾಗಿರೋದು ತಾ, ಕೊಳೆತಿದ್ದು ತರಬೇಡ ಅಂತ. ಇಲ್ಲಮ್ಮಾ, ತೊಳೆದೇ ತಂದಿದ್ದೀನಮ್ಮಾ ಅಂತಾಳೆ. ಸುಳ್ಳಿಗೂ ಒಂದು ಮಿತಿ ಬೇಡ್ವಾ?"

ಬುಟ್ಟಿಯಮ್ಮ ಆರು ವರ್ಷದಿಂದ ತಂಗಿಗೆ ಹಣ್ಣು ಕೊಡುವವಳು. ಅವಳ ಬುಟ್ಟಿಯಲ್ಲಿ ಮುಕ್ಕಾಲು ಪಾಲು ಖಾಲಿಯಾಗುತ್ತಿದ್ದದ್ದು ಈ ಬಾಗಿಲಲ್ಲೇ. ಇಲ್ಲಿ ಖಾಲಿಯಾಗದಿದ್ದರೆ ಆ ಬುಟ್ಟಿಯನ್ನು ಹೊತ್ತುಕೊಂಡು ಇಡೀ ಊರು ಸುತ್ತಬೇಕು. ಹೇಳಿಬಿಡಲೇ ಎಂದು ಬಾಯಿಗೆ ಬಂದದ್ದು, ತಂಗಿ ತಿರುಗಿ ನಕ್ಕು, "ನೀನಿಲ್ಲದಿದ್ರೆ ನಾನು ಮುಳುಗಿ ಹೋಗ್ತಿದ್ದೆ ಕಣೇ," ಎಂದದ್ದೇ ತಡ, ಮತ್ತೆ ಒಳಗೆ ಇಳಿಯಿತು. ಇಳಿದದ್ದು ಗೋಡೆ ಹತ್ತತೊಡಗಿತು. ಅವಳು ಲೋಟಗಳಿಗೆ ಹೊಸ ನೊರೆ ತುಂಬಿದಳು, ಟೇಪು ಬದಲಿಸಿದಳು, ಒಂದೇ ಲೋಟಕ್ಕೆ ಎರಡು ಸಲ ಸೋಪಿನ ಹನಿ ಹಾಕಿದಳು.

ನಾಲ್ಕಕ್ಕೆ ಇನ್ನೂ ಐದು ನಿಮಿಷವಿರುವಾಗಲೇ ಹಿತ್ತಲ ಬಾಗಿಲಲ್ಲಿ, "ಅಮ್ಮಾ, ಒಂದು ಕೈ ಕೊಡಿ," ಎಂಬ ದನಿ ಕೇಳಿಸಿತು. ಬುಟ್ಟಿ ಇಳಿಸಲು ಎದುರಿಗೊಂದು ಕೈ ಬೇಕು. ತಂಗಿ ಕದಲಲಿಲ್ಲ. ಅಕ್ಕ ಹೋಗಿ ಬುಟ್ಟಿಯ ಒಂದು ಅಂಚು ಹಿಡಿದಳು. ಹಿಡಿಯುವಾಗ ಬುಟ್ಟಿಯಮ್ಮನ ಬೆರಳುಗಳು ಅವಳ ಬೆರಳಿಗೆ ತಾಗಿದವು. ಒರಟಾಗಿ, ಬಿರುಕುಬಿಟ್ಟು, ಬಿರುಕಿನ ಅಂಚುಗಳು ಬೆಳ್ಳಗೆ ಸುಲಿದಿದ್ದವು.

"ಕೈಗೇನಾಯ್ತು?" ಅಕ್ಕ ಕೇಳಿದಳು.

"ಏನಿಲ್ಲ, ದೊಡ್ಡಮ್ಮ. ಉಪ್ಪು ನೀರು. ಅಮ್ಮಾವ್ರು ನೊಣ ಅಂತ ಬೇಜಾರು ಮಾಡ್ಕೊಂಡ್ರಲ್ಲ, ಒಂದೊಂದು ಹಣ್ಣನ್ನೂ ಎರಡು ಸಲ ಉಪ್ಪು ನೀರಲ್ಲಿ ತೊಳೀತಿದ್ದೀನಿ. ದ್ರಾಕ್ಷೀನೂ, ಕಾಳು ಕಾಳು ಬಿಡಿಸಿ." ಅವಳು ನಕ್ಕಳು. "ಮನೇಲಿ ಮಕ್ಕಳು ಆಡ್ಕೋತವೆ, ಅಮ್ಮಾ, ಉಪ್ಪಿನಕಾಯಿ ಹಾಕ್ತೀಯಾ ಅಂತ."

"ಬುಟ್ಟಿಯಮ್ಮ," ತಂಗಿ ಒಲೆಯ ಹತ್ತಿರದಿಂದಲೇ ಗಂಟಲು ಸರಿಮಾಡಿಕೊಂಡಳು. "ನೋಡು, ನಾನು ಸುತ್ತಿ ಬಳಸಿ ಮಾತಾಡೋಳಲ್ಲ. ನಾಳೆಯಿಂದ ನೀನು..."

"ನಿಲ್ಲು," ಎಂದಳು ಅಕ್ಕ. ದನಿ ತನ್ನದಲ್ಲದಷ್ಟು ಜೋರಾಗಿ ಬಂತು; ಮುಂದಿನ ಅಂಗಡಿಯಲ್ಲಿ ಇಕ್ಕಳ ಬಿದ್ದ ಸದ್ದಾಯಿತು. "ನೊಣ ಇವಳದ್ದಲ್ಲ. ನನ್ನದು."

ತಂಗಿ ಒಲೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು.

"ನಿನ್ನದು ಅಂದ್ರೆ?"

"ನಾನು ಸಾಕಿದ್ದು. ಮಹಡಿ ಮೇಲೆ, ಶೀಶೆಯಲ್ಲಿ. ಎಂಟು ವರ್ಷದಿಂದ." ಒಮ್ಮೆ ಶುರುವಾದ ಮೇಲೆ ಅವಳು ಅವಸರ ಮಾಡಲಿಲ್ಲ, ಪಾಠದ ಹಾಗೆ, ಒಂದಾದ ಮೇಲೊಂದು, ತಣ್ಣೀರು, ಹಿತ್ತಲ ಕಸದ ಬುಟ್ಟಿ, ಅರವತ್ತೊಂದರಲ್ಲಿ ನಲವತ್ಮೂರು ಬಿಳಿ ಕಣ್ಣು, ಎಲ್ಲ ಹೇಳಿದಳು. "ಮಧ್ಯಾಹ್ನವೇ ಗೊತ್ತಾಯ್ತು. ತಟ್ಟೆ ತೊಳೆದು ಸುಮ್ಮನೆ ಕೆಳಗೆ ಬಂದೆ," ಎಂದೂ ಹೇಳಿದಳು. ಅದೊಂದನ್ನು ಹೇಳದೆಯೂ ಇರಬಹುದಿತ್ತು.

ತಂಗಿಯ ಮುಖ ಕೆಂಪಾಯಿತು, ಆಮೇಲೆ ಬೆಳ್ಳಗಾಯಿತು. "ಮೂರು ವಾರ, ಅಕ್ಕ," ಎಂದಳು ಕೆಳದನಿಯಲ್ಲಿ. "ನನ್ನ ಕೋಣೆಗೆ ಬೀಗ ಬೀಳೋದಿತ್ತು. ನಾನು ಇವಳಿಗೆ ಬಾಯಿಗೆ ಬಂದ ಹಾಗೆ ಅಂದೆ. ನೀನು ಇಲ್ಲೇ ಸ್ಟೂಲ್ ಮೇಲೆ ಕೂತು ಚೀಟಿ ಅಂಟಿಸ್ತಾ ಕೇಳ್ತಿದ್ದೆ." ದನಿ ಏರಿತು. "ಮೊನ್ನೆ ಸುಳ್ಳಿ ಅಂದೆ ಅವಳನ್ನ! ಸುಳ್ಳಿ ಅಂತ! ಆಗಲೂ ಕೂತಿದ್ದೆ!"

"ಕೂತಿದ್ದೆ."

"ಹೋಗಲಿ ಬಿಡಿ, ಅಮ್ಮಾ," ಎಂದಳು ಬುಟ್ಟಿಯಮ್ಮ.

"ನೀನು ಸುಮ್ಮನಿರು! ಹೋಗಲಿ ಬಿಡಿ ಅನ್ನೋಕೆ ನೀನ್ಯಾಕೆ ಅಷ್ಟು ಅವಸರ ಮಾಡ್ತೀಯ!" ತಂಗಿ ಅತ್ತಿತ್ತ ನೋಡಿದಳು. ಕೈಗೆ ಏನಾದರೂ ಬೇಕಿತ್ತು. ದೊಡ್ಡ ಪಾತ್ರೆಯನ್ನು ನಲ್ಲಿಯ ಕೆಳಗೆ ಹಿಡಿದು ತುಂಬಿ, ಅದನ್ನು ಒಲೆಯ ಮೇಲೆ ಕುಕ್ಕಿ, ಗ್ಯಾಸು ಹಚ್ಚಿದಳು. ಆಮೇಲೆ ಮೂಲೆಯಲ್ಲಿದ್ದ ಕುರ್ಚಿಯನ್ನು, ಆರು ವರ್ಷದಲ್ಲಿ ಬುಟ್ಟಿಯಮ್ಮ ಒಮ್ಮೆಯೂ ಕೂತಿರದ ಕುರ್ಚಿಯನ್ನು, ನೆಲದ ಮೇಲೆ ಗರಗರ ಎಳೆದು ತಂದು ಅವಳ ಮುಂದೆ ಇಟ್ಟಳು. "ಕೂತ್ಕೋ," ಎಂದಳು, ಬೈದ ಹಾಗೆ. ಅಕ್ಕನ ಕಡೆ ನೋಡದೆ, "ಅದನ್ನ ತಗೊಂಡು ಬಾ ಕೆಳಗೆ," ಎಂದಳು.

ಅಕ್ಕ ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಮೆಟ್ಟಿಲಿನ ಕೊನೆಯಲ್ಲಿ ತಂಗಿಯ ಗಂಡ ನಿಂತಿದ್ದವನು ದಾರಿ ಬಿಟ್ಟು, ಭೂತಗನ್ನಡಿ ಅವಳ ಮೊಣಕೈಯ ಮಡಿಕೆಯಲ್ಲಿ ಜಾರುತ್ತಿದ್ದುದನ್ನು ತೆಗೆದು ತಾನು ಹಿಡಿದುಕೊಂಡ. ನೀರು ಅಂಚಿನಲ್ಲಿ ಆಗಲೇ ಸದ್ದು ಮಾಡುತ್ತಿತ್ತು. ಅಕ್ಕ ನೇರ ಒಲೆಯ ಕಡೆಗೆ ನಡೆದಳು. ಆಗ ಕುರ್ಚಿಯ ತುದಿಯಲ್ಲಿ ಕೂತಿದ್ದ ಬುಟ್ಟಿಯಮ್ಮ ಎದ್ದಳು.

"ಸ್ವಲ್ಪ ತೋರಿಸಿ, ದೊಡ್ಡಮ್ಮ. ನನ್ನ ಹೆಸರು ಕೆಡಿಸಿದೋರ ಮುಖ ನಾನೂ ಒಂದು ಸಲ ನೋಡ್ಬೇಡ್ವಾ?"

ತಂಗಿಯ ಗಂಡ ಗಾಜನ್ನು ಕ‌ಣ್ಣಿಗೆ ಹೇಗೆ ಕಚ್ಚಿಸಿಕೊಳ್ಳಬೇಕೆಂದು ತೋರಿಸಿದ. ಬುಟ್ಟಿಯಮ್ಮ ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಿ, ಬಾಯನ್ನು ಒಂದು ಕಡೆಗೆ ವಾರೆ ಮಾಡಿ, ಶೀಶೆಯ ಹತ್ತಿರ ಬಗ್ಗಿದಳು. ಮೊದಲು ಏನೂ ಕಾಣಲಿಲ್ಲ ಎಂದಳು. ಅಕ್ಕ ಶೀಶೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. "ಅವು ಬೆಳಕಿನ ಕಡೆ ಬರ್ತವೆ, ತಡಿ. ಹಾಂ, ಈಗ ನೋಡು, ಬಿರಡೆ ಕೆಳಗೆ ಒಂದು ಕೂತಿದೆಯಲ್ಲ. ತಲೆ ನೋಡು."

"ಅಯ್ಯಯ್ಯೋ!" ಬುಟ್ಟಿಯಮ್ಮ ಹಿಂದಕ್ಕೆ ಹಾರಿ ಮತ್ತೆ ಬಗ್ಗಿದಳು. "ಕಣ್ಣು ಬೆಳ್ಳಗಿದೆ! ಮುತ್ತಿದ್ದ ಹಾಗೆ! ಕಾಲು ಉಜ್ಜಿಕೊಳ್ತಾ ಇದೆ ನೋಡಿ, ದೊಡ್ಡಮ್ಮ, ನಮ್ಮ ಅತ್ತೆ ಊಟಕ್ಕೆ ಕೂರೋ ಮುಂಚೆ ಕೈ ಉಜ್ಜಿಕೊಂಡ ಹಾಗೆ!"

"ಅದು ಹೆಣ್ಣು," ಎಂದಳು ಅಕ್ಕ. ಎದೆ ಮತ್ತೆ ಡವಡವ ಅನ್ನುತ್ತಿತ್ತು. "ಹೊಟ್ಟೆ ಕಡೆ ನೋಡು, ಪಟ್ಟೆ ಇದೆಯಾ? ಇದ್ರೆ ಹೆಣ್ಣು. ತುದಿ ಪೂರ್ತಿ ಕಪ್ಪಗಿದ್ರೆ ಗಂಡು. ಗಂಡು ಸ್ವಲ್ಪ ಚಿಕ್ಕದು. ಈಗ ನೀನೇ ಹೇಳು, ಪಕ್ಕದಲ್ಲಿರೋದು ಯಾವುದು?"

"ಕಪ್ಪು. ಗಂಡು. ಅಲ್ಲ ತಡೀರಿ... ಹೌದು ಗಂಡೇ! ರೆಕ್ಕೆ ಬಿಚ್ಚಿ ಅವಳ ಸುತ್ತ ಕುಣೀತಿದೆ! ಒಂದೇ ರೆಕ್ಕೆ!"

"ಹಾಡು ಹೇಳ್ತಾ ಇದೆ. ನಮ್ಮ ಕಿವಿಗೆ ಕೇಳಲ್ಲ."

ತಂಗಿ ಒಲೆಯ ಹತ್ತಿರ ಇಕ್ಕಳ ಹಿಡಿದು ನಿಂತಿದ್ದಳು. ನೀರು ಕೊತಕೊತ ಕುದಿಯುತ್ತಿತ್ತು, ಆವಿ ಅವಳ ಮುಖಕ್ಕೆ ಬಡಿಯುತ್ತಿತ್ತು. ಅವಳು ಬೇಗ ಮಾಡಿ ಎನ್ನಲಿಲ್ಲ. ಗ್ಯಾಸನ್ನು ಸ್ವಲ್ಪ ಸಣ್ಣಗೆ ಮಾಡಿದಳು. ಬುಟ್ಟಿಯಮ್ಮ ಸಾಕಾಗುವಷ್ಟು ನೋಡಿ, ಗಾಜು ತೆಗೆದು, ಕಣ್ಣಿನ ಸುತ್ತ ಬಿದ್ದ ಉಂಗುರದ ಗುರುತನ್ನು ಉಜ್ಜಿಕೊಳ್ಳುತ್ತ, ಪಾಪ, ಎಂದಳು. ಯಾರಿಗೆ ಅಂದಳೋ.

ಶೀಶೆಯನ್ನು ನೀರಿಗೆ ಇಳಿಸಿದ್ದು ಅಕ್ಕನೇ. ತಂಗಿ ಇಕ್ಕಳವನ್ನು ಅವಳ ಕೈಗೆ ಕೊಟ್ಟಳು, ಹಿಡಿ ಬಿಡುವ ಮೊದಲು ಒಂದು ಕ್ಷಣ ಇಬ್ಬರೂ ಹಿಡಿದಿದ್ದರು, ಅಷ್ಟೇ. ಇಪ್ಪತ್ತು ನಿಮಿಷ ಕುದಿಯಬೇಕು ಎಂದು ಅಕ್ಕ ಗಡಿಯಾರ ನೋಡಿದಳು. ಹತ್ತಿಯ ಬಿರಡೆ ನೀರು ಕುಡಿದು ಭಾರವಾಗಿ ಕೆಳಗೆ ಹೋಯಿತು. ಅವಳ ಕಣ್ಣಿಗೆ ನೀರು ಬಂದದ್ದು ಆವಿಗೋ ಏನೋ ಎಂದು ಯಾರೂ ಕೇಳಲಿಲ್ಲ. ಬುಟ್ಟಿಯಮ್ಮ ಹಣ್ಣು ಮೇಜಿನ ಮೇಲೆ ತೆಗೆದಿಟ್ಟು, ಖಾಲಿ ಬುಟ್ಟಿಯ ಅಡಿಯಲ್ಲಿದ್ದ ಸಿಂಬಿ ಬಟ್ಟೆಯನ್ನು ಕೊಡವಿ, ಸುತ್ತಿ, ತಲೆಗೆ ಇಟ್ಟುಕೊಂಡಳು. ಬಾಗಿಲವರೆಗೆ ಹೋಗಿ, ಕೇಳಬೇಕೋ ಬೇಡವೋ ಎಂದು ಹೊಸಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ಅಮ್ಮಾ, ನಾಳೆ ದ್ರಾಕ್ಷಿ ತರಲಾ, ಅನಾನಸು ತರಲಾ?"

ತಂಗಿ ಅವಳ ಕಡೆಗೆ ಬೆನ್ನು ಮಾಡಿ, ಅವಳು ತಂದ ದ್ರಾಕ್ಷಿಯನ್ನು ಬೋಗುಣಿಗೆ ಸುರಿಯುತ್ತಿದ್ದಳು. ಒಂದು ಕಾಳನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು. ಉಪ್ಪುಪ್ಪಾಗಿ ಇದ್ದಿರಬೇಕು.

"ಎರಡೂ ತಾ," ಎಂದಳು. "ತೊಳೀಬೇಡ. ನಾನು ತೊಳ್ಕೋತೀನಿ."